ಕೈಗುಣಕ್ಕೆ ವರ್ಗಾವಣೆಯಿಲ್ಲ

‘ಅವರ ಕೈಗುಣ ಒಳ್ಳೆಯದು’ ಎಂಬ ಮಾತನ್ನು ನಮ್ಮ ಸೀಮೆಯ ಹಿರಿಯರ ಬಾಯಿಂದ ಕೇಳದವರಿಲ್ಲ. ವೈದ್ಯರು ಪಡೆದ ಪದವಿ, ಅವರು ಕಲಿತ ಕಾಲೇಜು, ಆಸ್ಪತ್ರೆಯ ಕಟ್ಟಡದ ಎತ್ತರ ಇವು ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದೇ ಪದದಲ್ಲಿ ಪ್ರಮಾಣಪತ್ರ ಕೊಟ್ಟುಬಿಡುವ ಮಾತು ಅದು. ಅದನ್ನು ಮೌಢ್ಯವೆಂದು ನಕ್ಕು ಬಿಡುವವರೂ ಇದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಕೈಗುಣವೆಂದು ಜನರು ಕರೆದದ್ದು ಬಹುಮಟ್ಟಿಗೆ ನೆನಪನ್ನು. ಇಪ್ಪತ್ತು ವರ್ಷ ಒಂದೇ ಊರಿನಲ್ಲಿ ಕುಳಿತು ಮದ್ದು ಕೊಟ್ಟ ವೈದ್ಯರಿಗೆ, ಎದುರಿಗೆ ಕುಳಿತವರ ತಂದೆಗೆ ಸಕ್ಕರೆ ಕಾಯಿಲೆಯಿತ್ತೆಂದೂ, ಮೊದಲ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿತ್ತೆಂದೂ, ಒಂದು ಚುಚ್ಚುಮದ್ದು ಮೈಗೆ ಒಗ್ಗದೆ ಮುಖ ಊದಿಕೊಂಡಿತ್ತೆಂದೂ ತಿಳಿದಿರುತ್ತದೆ. ಕೇಳುವ ಮೊದಲೇ ಇಷ್ಟೆಲ್ಲ ತಿಳಿದಿರುವವರ ಕೈ ತಪ್ಪುವುದು ಕಡಿಮೆ. ಊರು ಬಿಟ್ಟವರು ಕಳೆದುಕೊಳ್ಳುವುದು ಈ ನೆನಪನ್ನು. ರೇಷನ್ ಕಾರ್ಡನ್ನು ಹೊಸ ಊರಿಗೆ ವರ್ಗಾಯಿಸಬಹುದು, ಮಕ್ಕಳ ಟಿ.ಸಿ. ತರಬಹುದು, ಬ್ಯಾಂಕಿನ ಖಾತೆಯನ್ನೂ ತರಬಹುದು. ಹಳೆಯ ವೈದ್ಯರ ತಲೆಯೊಳಗೆ ಇರುವ ನಮ್ಮ ದೇಹದ ಚರಿತ್ರೆಗೆ ಮಾತ್ರ ವರ್ಗಾವಣೆಯ ಅರ್ಜಿ ಎಲ್ಲಿಯೂ ಇಲ್ಲ.

ಗಡಿನಾಡಿನವರಾದ ನಮ್ಮಲ್ಲಿ ಊರು ಬಿಡುವವರು ಕಡಿಮೆಯೇ? ಸರಕಾರಿ ಕೆಲಸ ಸಿಕ್ಕಿದ ಕೂಡಲೇ ಕೊಲ್ಲಂ, ಪತ್ತನಂತಿಟ್ಟಗಳಿಗೆ ಹೋಗುವವರಿದ್ದಾರೆ. ಬಿ.ಎಡ್. ಓದಲು, ಪಿ.ಎಸ್.ಸಿ. ತರಬೇತಿಗೆ ಕೋಝಿಕ್ಕೋಡಿಗೆ ಹೋಗುವ ನಿಮ್ಮಂಥವರಿದ್ದಾರೆ. ಸುಳ್ಯ ಪುತ್ತೂರುಗಳಿಂದ ಈಚೆಗೆ, ಇಲ್ಲಿಂದ ಆಚೆಗೆ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿದ್ದಾರೆ. ಮಕ್ಕಳು ಹೋದ ಕಡೆಗೆ ಮುಪ್ಪಿನಲ್ಲಿ ಮನೆ ಬದಲಾಯಿಸುವ ತಂದೆತಾಯಿಯರ ಸಂಖ್ಯೆ ಈಚಿನ ವರ್ಷಗಳಲ್ಲಿ ಹೆಚ್ಚುತ್ತಿರುವುದು ಕಣ್ಣಿಗೆ ಕಾಣುತ್ತಿದೆ. ಕಾಯಿಲೆ ಹೆಚ್ಚಾಗುವ ವಯಸ್ಸೂ ಅದೇ, ಹೊಸ ಭಾಷೆ ನಾಲಿಗೆಗೆ ಹತ್ತದ ವಯಸ್ಸೂ ಅದೇ.

ನನಗೆ ಸಂಬಂಧದಲ್ಲಿ ದೊಡ್ಡಮ್ಮನಾಗಬೇಕಾದ ಒಬ್ಬರ ಅನುಭವವನ್ನು ಇಲ್ಲಿ ಹೇಳಬೇಕು. ಕಾಸರಗೋಡಿನ ಉತ್ತರದ ಒಂದು ಗ್ರಾಮದಲ್ಲಿ ಅರವತ್ತೈದು ವರ್ಷ ಬದುಕಿದ ಅವರು, ದೊಡ್ಡಪ್ಪ ತೀರಿಕೊಂಡ ಮೇಲೆ ಮಗನೊಂದಿಗೆ ದಕ್ಷಿಣದ ಒಂದು ನಗರಕ್ಕೆ ಹೋದರು. ಮಂಡಿನೋವಿಗೆ ಊರಿನ ವೈದ್ಯರು ಒಂದು ಗುಳಿಗೆ ಕೊಟ್ಟಿದ್ದರು. ನೋವು ತೀರ ತಡೆಯಲಾಗದ ದಿನ ಮಾತ್ರ, ಅದೂ ಊಟವಾದ ಮೇಲೆ ನುಂಗಬೇಕು ಎಂದು ಹೇಳಿದ್ದರು. ಹೊಸ ಊರಿನಲ್ಲಿ ಮಗ ತಾಯಿಯನ್ನು ಹೆಸರಾಂತ ಆಸ್ಪತ್ರೆಯೊಂದಕ್ಕೆ ಕರೆದೊಯ್ದರು. ವೈದ್ಯರು ಮಾತನಾಡಿದ್ದು ಮಗನೊಂದಿಗೆ. ದೊಡ್ಡಮ್ಮ ಕೈಯಲ್ಲಿ ಹಿಡಿದಿದ್ದ ಹಳೆಯ ಚೀಟಿಗಳ ಕಟ್ಟನ್ನು ಬಿಚ್ಚಿ ನೋಡುವ ತೊಂದರೆಯನ್ನು ಅವರು ತೆಗೆದುಕೊಳ್ಳಲಿಲ್ಲ. ಹೊಸದಾಗಿ ಆರಂಭಿಸೋಣ ಎಂದರು. ಬರೆದುಕೊಟ್ಟದ್ದು ದಿನಕ್ಕೆ ಎರಡರಂತೆ ನುಂಗಬೇಕಾದ ಒಂದು ಗುಳಿಗೆ. ಹೆಸರು ಬೇರೆ, ಬಣ್ಣ ಬೇರೆ, ಕಂಪೆನಿ ಬೇರೆ. ಒಳಗಿನ ಮದ್ದು ಮಾತ್ರ ಹಳೆಯದೇ: ಡೈಕ್ಲೊಫೆನಾಕ್. ಹೊಸ ಗುಳಿಗೆಯನ್ನು ವೈದ್ಯರು ಹೇಳಿದ್ದರೆಂದೂ, ಹಳೆಯದನ್ನು ಯಾರೂ ನಿಲ್ಲಿಸಲು ಹೇಳಲಿಲ್ಲವೆಂದೂ ದೊಡ್ಡಮ್ಮ ಎರಡನ್ನೂ ನುಂಗಿದರು. ಅವರ ಲೆಕ್ಕದಲ್ಲಿ ತಪ್ಪೇನಿದೆ?

ಕೆಲವು ವಾರಗಳಲ್ಲಿ ಹೊಟ್ಟೆಯಲ್ಲಿ ಸಂಕಟ ಆರಂಭವಾಯಿತು. ಮತ್ತೆ ಅದೇ ವೈದ್ಯರು. ಈ ಸಲ ದೊಡ್ಡಮ್ಮ ಧೈರ್ಯ ಮಾಡಿ ತಾವೇ ಹೇಳಿದರು, ಕರುಳು ಹಿಂಡಿದ ಹಾಗಾಗುತ್ತದೆ ಎಂದು. ವೈದ್ಯರು ತಲೆಯಾಡಿಸಿ ಪಿತ್ತಜನಕಾಂಗದ ರಕ್ತಪರೀಕ್ಷೆಗೆ ಬರೆದರು. ಮಲಯಾಳದಲ್ಲಿ ‘ಕರಳ್’ ಎಂದರೆ ಪಿತ್ತಜನಕಾಂಗ. ಪರೀಕ್ಷೆಯ ಫಲಿತಾಂಶದಲ್ಲಿ ಯಾವ ದೋಷವೂ ಕಾಣಲಿಲ್ಲ. ಕಾಣಬೇಕಾದ ಕಾರಣವೂ ಇರಲಿಲ್ಲ. ‘ಏನೂ ಇಲ್ಲ, ವಯಸ್ಸಾಯಿತಲ್ಲ’ ಎಂಬ ಉತ್ತರವನ್ನು ಮಗ ಕನ್ನಡಕ್ಕೆ ತಿರುಗಿಸಿ ಹೇಳಿದರು. ಆಗಲೇ ಮಲ ಕಪ್ಪಾಗಿ ಹೋಗುತ್ತಿತ್ತು. ಆ ಒಂದು ಸಂಗತಿಯನ್ನು ಕೇಳಿದ್ದರೆ ಯಾವ ವೈದ್ಯರಾದರೂ ಕುರ್ಚಿಯಲ್ಲಿ ನೆಟ್ಟಗೆ ಕುಳಿತುಕೊಳ್ಳುತ್ತಿದ್ದರು, ಏಕೆಂದರೆ ಜಠರದಲ್ಲಿ ರಕ್ತ ಒಸರುತ್ತಿರುವುದರ ಲಕ್ಷಣ ಅದು. ವೈದ್ಯರು ಕೇಳಲಿಲ್ಲ. ಗುರುತಿಲ್ಲದ ಪರಪುರುಷನೊಬ್ಬನಿಗೆ, ಅದೂ ಹೆತ್ತ ಮಗನ ಬಾಯಿಯ ಮೂಲಕ, ತಮ್ಮ ಮಲದ ಬಣ್ಣವನ್ನು ವರ್ಣಿಸುವುದು ದೊಡ್ಡಮ್ಮನಿಂದ ಆಗಲಿಲ್ಲ. ಒಂದು ಬೆಳಗ್ಗೆ ಬಚ್ಚಲುಮನೆಯಲ್ಲಿ ಕಣ್ಣು ಕತ್ತಲೆಗಟ್ಟಿ ಬಿದ್ದರು. ಬೇರೊಂದು ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಡಬೇಕಾಯಿತು. ಅಲ್ಲಿದ್ದ ಕಿರಿಯ ವೈದ್ಯೆಯೊಬ್ಬರು ಮನೆಯಲ್ಲಿರುವ ಗುಳಿಗೆಗಳ ಪಟ್ಟಿಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಹರಡಿ ನೋಡಿದಾಗಲೇ ಒಂದೇ ಮದ್ದು ಎರಡು ಹೆಸರಿನಲ್ಲಿ ಹೊಟ್ಟೆ ಸೇರುತ್ತಿದ್ದುದು ಗೊತ್ತಾದದ್ದು. ದೊಡ್ಡಮ್ಮ ಈಗ ಚೇತರಿಸಿಕೊಂಡಿದ್ದಾರೆ.

ಇಂಥ ಪ್ರಸಂಗವನ್ನು ನಮ್ಮವರ ನಡುವೆ ಹೇಳಿದಾಗ ಕೂಡಲೇ ಬರುವ ತೀರ್ಪು, ಕನ್ನಡದವರೆಂದರೆ ಅವರಿಗೆ ಅಸಡ್ಡೆ ಎಂಬುದು. ಆ ತೀರ್ಪನ್ನು ನಾನು ಒಪ್ಪಲಾರೆ. ಆ ವೈದ್ಯರಿಗೆ ಕನ್ನಡದ ಮೇಲೆ ದ್ವೇಷವಿತ್ತೆಂದು ನಂಬಲು ಯಾವ ಆಧಾರವೂ ಇಲ್ಲ. ತಮಗೆ ಅರ್ಥವಾಗಿದೆ ಎಂದು ಅವರು ಪ್ರಾಮಾಣಿಕವಾಗಿಯೇ ಭಾವಿಸಿದ್ದರು. ಹೊರಗೆ ಕಾಯುತ್ತಿದ್ದ ಸಾಲು ಉದ್ದವಾಗಿತ್ತೆಂಬುದನ್ನೂ ಒಪ್ಪೋಣ. ಇಷ್ಟು ರಿಯಾಯಿತಿ ಕೊಟ್ಟ ಮೇಲೂ ಎರಡು ಲೋಪಗಳು ಉಳಿಯುತ್ತವೆ. ಕೈಗೆ ಕೊಟ್ಟ ಕಾಗದವನ್ನು ಅವರು ನೋಡಲಿಲ್ಲ. ರೋಗಿಯನ್ನು ಎರಡನೆಯ ಪ್ರಶ್ನೆ ಕೇಳಲಿಲ್ಲ. ‘ಎಲ್ಲಿ ನೋವು, ಬೆರಳಿಟ್ಟು ತೋರಿಸಿ’ ಎನ್ನಲು ಯಾವ ಭಾಷೆಯೂ ಬೇಕಿಲ್ಲ, ಕೈಸನ್ನೆ ಸಾಕು. ಇವು ಭಾಷೆಯ ಲೋಪಗಳಲ್ಲವಾದ್ದರಿಂದ ಅದೇ ವೈದ್ಯರು ಮಲಯಾಳಿ ರೋಗಿಯನ್ನೂ ಹೀಗೆಯೇ ಕಳುಹಿಸಿರಬಹುದು. ಆದರೆ ಮಲಯಾಳಿ ರೋಗಿಗೆ ಬಾಗಿಲ ಬಳಿ ನಿಂತು ‘ಸಾರ್, ಇನ್ನೊಂದು ವಿಷಯ’ ಎನ್ನುವ ಅವಕಾಶ ಇರುತ್ತಿತ್ತು. ನಮ್ಮ ದೊಡ್ಡಮ್ಮನಿಗೆ ಅದು ಇರಲಿಲ್ಲ. ವೈದ್ಯರ ಅಸಡ್ಡೆ ಎಲ್ಲರ ಮೇಲೂ ಸಮನಾಗಿ ಬೀಳುತ್ತದೆ, ಭಾಷೆ ಬಾರದವರಿಗೆ ಮಾತ್ರ ಅದನ್ನು ತಡೆಯುವ ಕೊಡೆ ಇರುವುದಿಲ್ಲ.

ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನೀವು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಕರುಳು, ಕರಳ್ ಎಂಬ ಎರಡು ರೂಪಗಳ ನಡುವೆ ಇರುವ ಅಂತರ ಒಂದು ಸ್ವರದ್ದು. ತರಗತಿಯಲ್ಲಿ ಜ್ಞಾತಿಪದಗಳ ಪಟ್ಟಿ ಬರೆದುಕೊಳ್ಳುವಾಗ ದ್ರಾವಿಡ ಭಾಷೆಗಳು ಎಷ್ಟು ಹತ್ತಿರವೆಂದು ನಾವು ಸಂತೋಷಪಡುತ್ತೇವೆ. ಆಸ್ಪತ್ರೆಯ ಕೊಠಡಿಯಲ್ಲಿ ಆ ಹತ್ತಿರವೇ ಅಪಾಯ. ಜ್ವರಕ್ಕೆ ಮಲಯಾಳದಲ್ಲಿ ‘ಪನಿ’ ಎನ್ನುತ್ತಾರೆ. ಹಳಗನ್ನಡದ ಪನಿಯೇ ಪಕಾರ ಹಕಾರವಾಗಿ ನಮ್ಮ ಹನಿಯಾಗಿದೆ. ನಮ್ಮ ಇಬ್ಬನಿಯೊಳಗೂ ಅದೇ ಪದ ಅಡಗಿದೆ. ತಮಿಳರಿಗೆ ಪನಿಯೆಂದರೆ ಮಂಜು. ಒಂದೇ ಬೇರಿನಿಂದ ಒಬ್ಬರಿಗೆ ನೀರಹನಿ, ಒಬ್ಬರಿಗೆ ಮಂಜು, ಒಬ್ಬರಿಗೆ ಮೈಸುಡುವ ಜ್ವರ. ಕಾಲಿನಲ್ಲಿ ‘ನೀರ್’ ಇದೆ ಎಂದು ಮಲಯಾಳಿ ವೈದ್ಯರು ಹೇಳಿದರೆ ಅದು ಬಾವು. ನಮ್ಮವರು ಕೀಲಿನೊಳಗೆ ನೀರು ತುಂಬಿದೆಯೆಂದು ತಿಳಿದು ಸೂಜಿ ಹಾಕಿ ತೆಗೆಯುತ್ತಾರೇನೋ ಎಂದು ಹೆದರುತ್ತಾರೆ. ಇಂಗ್ಲಿಷಿನ ಪದ ಕೇಳಿದಾಗ ಗೊತ್ತಿಲ್ಲ ಎಂಬುದಾದರೂ ನಮಗೆ ಗೊತ್ತಿರುತ್ತದೆ. ಸೋದರಭಾಷೆಯ ಪದ ಕೇಳಿದಾಗ ಗೊತ್ತಿದೆ ಎಂಬ ಭ್ರಮೆ ಎರಡೂ ಕಡೆಗೆ ಉಂಟಾಗುತ್ತದೆ, ಹಾಗಾಗಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ಇದು ಮಲಯಾಳಕ್ಕೆ ಮಾತ್ರ ಸಂಬಂಧಿಸಿದ್ದೆಂದು ತಿಳಿಯಬೇಡಿ. ತುಳು ಮನೆಮಾತಿನ ಅಜ್ಜಿಯೊಬ್ಬರು ‘ಬಂಜಿ ಬೇನೆ’ ಎಂದರೆ ಹೊಟ್ಟೆನೋವು. ಮೈಸೂರು ಕಡೆಯಿಂದ ಬಂದ, ಅಚ್ಚಕನ್ನಡ ಮಾತನಾಡುವ ವೈದ್ಯರ ಕಿವಿಗೆ ಅದು ಬಂಜೆತನದ ದೂರಿನಂತೆ ಕೇಳಿಸಿದರೆ ಆಶ್ಚರ್ಯಪಡಬೇಕಿಲ್ಲ. ಆದ್ದರಿಂದ ಕನ್ನಡದ ವೈದ್ಯರನ್ನೇ ಹುಡುಕಿಕೊಂಡು ಹೋದರೆ ಎಲ್ಲವೂ ಸರಿಯಾಗುತ್ತದೆ ಎಂಬ ಪರಿಹಾರದಲ್ಲಿ ನನಗೆ ಪೂರ್ಣ ವಿಶ್ವಾಸವಿಲ್ಲ.

ಆ ಪರಿಹಾರ ಎಷ್ಟು ದುರ್ಬಲವೆಂಬುದನ್ನು 2020 ನಮಗೆ ತೋರಿಸಿಕೊಟ್ಟಿತು. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್ ದೂರ, ತಿರುವನಂತಪುರಕ್ಕೆ 500ಕ್ಕೂ ಹೆಚ್ಚು. ದೊಡ್ಡ ಕಾಯಿಲೆಯೆಂದರೆ ಮಂಗಳೂರು ಎಂಬುದು ಇಲ್ಲಿ ತಲೆಮಾರುಗಳಿಂದ ಬಂದ ರೂಢಿ. ಅಲ್ಲಿ ನಮ್ಮ ಮಾತು ನಡೆಯುತ್ತದೆ, ನಮ್ಮ ವೈದ್ಯರಿದ್ದಾರೆ. ಆ ವರ್ಷದ ಮಾರ್ಚ್ ಕೊನೆಯಲ್ಲಿ ಕೊರೊನಾದ ಕಾರಣದಿಂದ ಕರ್ನಾಟಕವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು; ತಲಪಾಡಿಯಲ್ಲಿ ಆಂಬುಲೆನ್ಸುಗಳು ಹಿಂದಿರುಗಿದವು; ದಾರಿ ಸಿಗದೆ ಪ್ರಾಣ ಬಿಟ್ಟವರೂ ಇದ್ದರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವುಗೊಳಿಸಲು ಆದೇಶಿಸಿ, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಗಬೇಕಾಯಿತು. ನಮ್ಮ ಭಾಷೆಯ ವೈದ್ಯರು ನಮ್ಮ ಭಾಷೆಯ ರಾಜ್ಯದಲ್ಲಿದ್ದರು, ಆದರೆ ನಡುವೆ ಮಣ್ಣಿನ ಗುಡ್ಡೆಯಿತ್ತು. ತಾಳವಾಡಿಯವರಿಗೆ ಚಾಮರಾಜನಗರ, ಹೊಸೂರಿನವರಿಗೆ ಬೆಂಗಳೂರು, ಆದೋನಿ ರಾಯದುರ್ಗಗಳವರಿಗೆ ಬಳ್ಳಾರಿ, ಜತ್ತದವರಿಗೆ ವಿಜಯಪುರ ಹೀಗೆ ಗಡಿಯ ಉದ್ದಕ್ಕೂ ಒಬ್ಬೊಬ್ಬರಿಗೆ ಒಂದೊಂದು ಮಂಗಳೂರು ಇದೆ. ಅವರೆಲ್ಲರೂ ತಮ್ಮ ತಮ್ಮ ರಾಜ್ಯದ ಆಸ್ಪತ್ರೆಯಲ್ಲಿಯೂ ಬದುಕಿ ಬರುವಂತಾಗಬೇಕು.

ಇದರ ಇನ್ನೊಂದು ಮುಖವೂ ಇದೆ. ವಲಸೆ ಬರುವವರು ರೋಗಿಗಳೇ ಆಗಿರಬೇಕೆಂದಿಲ್ಲ. ದಕ್ಷಿಣದ ಜಿಲ್ಲೆಗಳಿಂದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ನೇಮಕವಾಗಿ ಬರುವ ಯುವ ವೈದ್ಯರು ಇಲ್ಲಿ ಹೊಸಬರು. ಕಾಸರಗೋಡಿಗೆ ಹಾಕಿದ್ದಾರೆಂದರೆ ಶಿಕ್ಷೆ ಎಂಬ ಭಾವನೆ ನೌಕರವರ್ಗದಲ್ಲಿ ಎಷ್ಟು ಬೇರೂರಿದೆಯೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಬಂದ ದಿನದಿಂದಲೇ ವರ್ಗಾವಣೆಯ ದಾರಿ ಕಾಯುವ ವೈದ್ಯರಿಗೆ ರೋಗಿಯ ಭಾಷೆ ಕಲಿಯುವ ಉತ್ಸಾಹ ಎಲ್ಲಿಂದ ಬರಬೇಕು? ಅವರಲ್ಲಿ ಕೆಲವರು ಮಾತ್ರ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಅಂಥವರ ಮುಂದೆ ಸಾಲು ಉದ್ದವಾಗುತ್ತದೆ. ಮೂರು ತಿಂಗಳಲ್ಲಿ ಅವರ ಕೈಗುಣ ಚೆನ್ನಾಗಿದೆಯೆಂಬ ಸುದ್ದಿ ಊರಿಡೀ ಹಬ್ಬುತ್ತದೆ.

ಹಕ್ಕಿನ ಪ್ರಶ್ನೆಗೆ ಬರೋಣ. ಕೇರಳದ 1969ರ ಅಧಿಕೃತ ಭಾಷಾ ಶಾಸನವು ಇಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಬಹುದೆಂದೂ, ಉತ್ತರವನ್ನು ಅದೇ ಭಾಷೆಯಲ್ಲಿ ಪಡೆಯಬಹುದೆಂದೂ ಹೇಳುತ್ತದೆ. ಸಂವಿಧಾನದ 350ನೆಯ ವಿಧಿಯು ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯಾದರೂ ಸಲ್ಲಿಸುವ ಅಧಿಕಾರ ಕೊಟ್ಟಿದೆ. ಎರಡೂ ಕಾಗದಕ್ಕೆ ಸಂಬಂಧಿಸಿದ ಹಕ್ಕುಗಳು. ಅಂದರೆ ಹೊಟ್ಟೆನೋವಿನ ವಿಷಯವನ್ನು ಕನ್ನಡದಲ್ಲಿ ಬರೆದು ಸರಕಾರಕ್ಕೆ ಕಳುಹಿಸುವ ಹಕ್ಕು ನಮಗಿದೆ, ಅದನ್ನು ವೈದ್ಯರ ಮುಂದೆ ಕನ್ನಡದಲ್ಲಿ ಹೇಳಿ ಅರ್ಥಮಾಡಿಸುವ ವ್ಯವಸ್ಥೆ ಮಾತ್ರ ಇಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ರೋಗಿ ಸಹಿ ಹಾಕುವ ಒಪ್ಪಿಗೆಪತ್ರದ ವಿಚಾರವನ್ನೇ ನೋಡಿ. ಸಾಕಷ್ಟು ಮಾಹಿತಿ ತಿಳಿದು ಕೊಟ್ಟ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಅಚ್ಚಾದ ಹಾಳೆಯ ಕೆಳಗೆ, ಓದಲು ಬಾರದ ಕನ್ನಡದ ರೈತರೊಬ್ಬರು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಹಾಕಿದ ಸಹಿ ಯಾವ ಮಾಹಿತಿಗೆ ಸಾಕ್ಷಿ?

ನಮ್ಮ ಭಾಷಾ ಅಲ್ಪಸಂಖ್ಯಾತ ಹೋರಾಟವು 1956ರ ಪುನರ್ವಿಂಗಡಣೆಯ ದಿನದಿಂದ ಶಾಲೆಯನ್ನು ಕೇಂದ್ರವಾಗಿ ಇಟ್ಟುಕೊಂಡು ಬಂದಿದೆ. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದರೆ ಮಕ್ಕಳೂ ಹೆತ್ತವರೂ ಬೀದಿಗಿಳಿಯುತ್ತಾರೆ, ಇಳಿಯಲೇಬೇಕು. ಆಸ್ಪತ್ರೆಯ ವಿಷಯದಲ್ಲಿ ಅಂಥ ಒಂದು ಧರಣಿಯನ್ನು ನಾನು ಕಂಡಿಲ್ಲ. ಕಾಯಿಲೆ ಮನೆಯ ಸಂಗತಿ, ಅದನ್ನು ಬೀದಿಗೆ ತರಬಾರದೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು. ಕೇಳಬೇಕಾದದ್ದು ದೊಡ್ಡದೇನೂ ಅಲ್ಲ. ಕನ್ನಡಿಗರು ಹೆಚ್ಚಾಗಿರುವ ಕಡೆಯ ಸರಕಾರಿ ಆಸ್ಪತ್ರೆಗಳಲ್ಲಿ ಒ.ಪಿ. ವೇಳೆಯಲ್ಲಿ ಕನ್ನಡ, ತುಳು, ಮಲಯಾಳ ಬಲ್ಲ ಒಬ್ಬರು ದುಭಾಷಿ ಇರಲಿ, ಅವರು ಮಹಿಳೆಯಾಗಿದ್ದರೆ ಇನ್ನೂ ಒಳ್ಳೆಯದು. ಒಪ್ಪಿಗೆಪತ್ರ ಕನ್ನಡದಲ್ಲಿಯೂ ಇರಲಿ. ಮನೆಯ ಮಗನನ್ನೋ ಮೊಮ್ಮಗಳನ್ನೋ ದುಭಾಷಿಯಾಗಿ ಬಳಸಿಕೊಳ್ಳುವುದು ಖರ್ಚಿಲ್ಲದ ಉಪಾಯವಾದರೂ, ಮುಖ್ಯವಾದ ಮಾತು ನಾಲಿಗೆಯ ತುದಿಯಲ್ಲೇ ನಿಂತುಹೋಗುವುದು ಅದರಿಂದಲೇ ಎಂಬುದನ್ನು ಮೇಲೆ ಕಂಡೆವು. ಅಂಥ ದುಭಾಷಿಯ ಕೆಲಸಕ್ಕೆ ಕನ್ನಡ ಪದವೀಧರರಿಗಿಂತ ಅರ್ಹರು ಯಾರು? ಉದ್ಯೋಗದ ಮಾತು ಬಂದಾಗಲೆಲ್ಲ ಮಂಕಾಗುವ ನಿಮ್ಮ ಮುಖಗಳನ್ನು ಕಂಡೇ ಇದನ್ನು ಹೇಳುತ್ತಿದ್ದೇನೆ.

ವೈದ್ಯರು ರೋಗಿಯ ಮಾತಿಗೆ ಕಿವಿಗೊಟ್ಟರೆ ಏನಾಗಬಲ್ಲದೆಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ಮದ್ದು ಕೊಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರರು, ತಮ್ಮಲ್ಲಿಗೆ ಬರುವ ಕಾಯಿಲೆಗಳು ಉಳಿದ ಕಡೆಗಳಂತಿಲ್ಲವೆಂಬುದನ್ನು ಗಮನಿಸಿದರು. ಅಷ್ಟು ಸಣ್ಣ ಊರಿನಲ್ಲಿ ಅಷ್ಟು ಮಂದಿ ಬುದ್ಧಿಮಾಂದ್ಯ ಮಕ್ಕಳು, ಅಷ್ಟು ಅಪಸ್ಮಾರ, ಅಷ್ಟು ಅರ್ಬುದ ಹೇಗೆ ಎಂದು ತಾವೇ ಕೇಳಿಕೊಂಡು, ಬೇರೆ ವೈದ್ಯರಿಗೂ ಬರೆದರು. ಪತ್ರಕರ್ತ ಶ್ರೀಪಡ್ರೆಯವರಂಥವರು ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಕಥೆ ಹೊರಬಿದ್ದದ್ದು ಹೀಗೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ತಡೆಹಿಡಿಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಈ ಸರಣಿಯ ಮೊದಲ ಕೊಂಡಿಯಲ್ಲಿ ಇದ್ದವರು ಒಂದೇ ಊರಿನಲ್ಲಿ ವರ್ಷಗಟ್ಟಲೆ ಕುಳಿತು, ಒಂದೊಂದೇ ಮನೆಯ ಚರಿತ್ರೆಯನ್ನು ನೆನಪಿಟ್ಟುಕೊಂಡ ವೈದ್ಯರು. ಮೂರು ನಿಮಿಷಕ್ಕೊಬ್ಬರಂತೆ ನೋಡಿ ಕಳುಹಿಸಿದ್ದರೆ ಅವರಿಗೆ ಪ್ರತಿಯೊಬ್ಬರಲ್ಲಿಯೂ ಒಂದೊಂದು ಕಾಯಿಲೆ ಕಾಣುತ್ತಿತ್ತೇ ಹೊರತು ಊರಿನ ಕಾಯಿಲೆ ಕಾಣುತ್ತಿರಲಿಲ್ಲ.

ಊರಿನಲ್ಲೇ ಉಳಿದವರಿಗೆ ಇದು ಸಾಧ್ಯ, ಹೊಸಬರಿಗೆ ಹೇಗೆ ಎನ್ನುವವರಿಗೆ ಇನ್ನೊಂದು ಗಡಿನಾಡಾದ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸರ ಹೆಸರನ್ನು ನೆನಪಿಸಬಹುದು. 1938ರಲ್ಲಿ ಭಾರತದಿಂದ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಅವರೊಬ್ಬರು. ಯುದ್ಧದ ನಡುವೆ, ಗಾಯಾಳುಗಳ ಸಾಲಿನ ಮುಂದೆ ನಿಂತೇ ಅವರು ಚೀನೀ ಭಾಷೆಯನ್ನು ಕಲಿತರು, ಅದರಲ್ಲಿಯೇ ಪಾಠವನ್ನೂ ಹೇಳಿದರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಸಾಲು ಉದ್ದವಾಗಿದೆಯೆಂಬ ಕಾರಣವನ್ನು ಕೇಳಿದಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ.

ಎಲ್ಲ ವೈದ್ಯರೂ ಕೋಟ್ನಿಸರಾಗುವವರೆಗೆ ಕಾಯಲು ಸಾಧ್ಯವಿಲ್ಲ. ವೈದ್ಯರ ತಲೆಯೊಳಗಿನ ನೆನಪು ನಮ್ಮ ಜೊತೆ ಬರುವುದಿಲ್ಲವಾದರೆ, ಅದರಲ್ಲಿ ಬರಬಹುದಾದಷ್ಟನ್ನು ಕಾಗದಕ್ಕೆ ಇಳಿಸಿಕೊಂಡೇ ಊರು ಬಿಡಬೇಕು. ನಿಯಮಗಳು ಇಲ್ಲಿ ನಮ್ಮ ಪರವಾಗಿವೆ. ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿಯ ಪ್ರಕಾರ ರೋಗಿಯು ತನ್ನ ದಾಖಲೆಗಳನ್ನು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. 2016ರ ತಿದ್ದುಪಡಿಯ ಪ್ರಕಾರ ಚೀಟಿಯಲ್ಲಿ ಮದ್ದಿನ ಮೂಲನಾಮವನ್ನು ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕು. ಕಂಪೆನಿಯ ಹೆಸರಿನ ಬದಲು ಡೈಕ್ಲೊಫೆನಾಕ್ ಎಂಬ ಮೂಲನಾಮ ಎರಡೂ ಚೀಟಿಗಳಲ್ಲಿ ಇದ್ದಿದ್ದರೆ ಮದ್ದಿನ ಅಂಗಡಿಯ ಹುಡುಗನೇ ದೊಡ್ಡಮ್ಮನನ್ನು ಎಚ್ಚರಿಸುತ್ತಿದ್ದ.

ಕನ್ನಡ ಸಾಹಿತ್ಯ ಚರಿತ್ರೆಯ ಪರೀಕ್ಷೆಗಾಗಿ ನೀವು ಕೀರ್ತಿವರ್ಮನ ಗೋವೈದ್ಯವನ್ನು, ಮಂಗರಾಜನ ಖಗೇಂದ್ರಮಣಿದರ್ಪಣವನ್ನು ಹೆಸರು, ಕಾಲ, ವಸ್ತು ಎಂದು ಒಂದೊಂದು ಸಾಲಿನಲ್ಲಿ ಬಾಯಿಪಾಠ ಮಾಡುತ್ತೀರಿ. ಒಂದು ದನದ ಕಾಯಿಲೆಗಳ ಕುರಿತಾದದ್ದು, ಇನ್ನೊಂದು ವಿಷಚಿಕಿತ್ಸೆಯ ಕುರಿತಾದದ್ದು. ಸಂಸ್ಕೃತದಲ್ಲಿ ವೈದ್ಯಶಾಸ್ತ್ರ ಹೇರಳವಾಗಿದ್ದ ಕಾಲದಲ್ಲಿ ಇವರು ಏಕೆ ಕನ್ನಡದಲ್ಲಿ ಬರೆದರು ಎಂಬ ಪ್ರಶ್ನೆಗೆ ಹತ್ತು ಅಂಕದ ಉತ್ತರದಲ್ಲಿ ಜಾಗವಿಲ್ಲ. ಹಾವು ಕಚ್ಚಿದವನ ಪಕ್ಕದಲ್ಲಿ ಕುಳಿತವರಿಗೆ ಓದಿದ ಕೂಡಲೇ ಅರ್ಥವಾಗುವ ಭಾಷೆ ಬೇಕಿತ್ತು ಎಂಬುದೇ ಉತ್ತರವೆಂದು ನಾನು ಭಾವಿಸುತ್ತೇನೆ. ನಮ್ಮ ಕಾಲದಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನರು ‘ತಾಯಿ ಮಗು’, ‘ಕೇಳು ಕಿಶೋರಿ’ಯಂಥ ಪುಸ್ತಕಗಳಲ್ಲಿ ಮಾಡಿದ್ದೂ ಇದನ್ನೇ, ಹೆಣ್ಣುಮಕ್ಕಳು ವೈದ್ಯರ ಮುಂದೆ ಹೇಳಲು ನಾಚುವ ಸಂಗತಿಗಳಿಗೆ ಅವರು ಕನ್ನಡದ ಮಾತುಗಳನ್ನು ಒದಗಿಸಿದರು.

ಆದ್ದರಿಂದ ಈ ರಜೆಯಲ್ಲಿ ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಒಂದು ಹಾಳೆ ಬರೆಯಿರಿ. ಎಡಗಡೆಗೆ ಅವರ ಮಾತಿನಲ್ಲಿಯೇ ಅವರ ಕಾಯಿಲೆಗಳು, ಆದ ಶಸ್ತ್ರಚಿಕಿತ್ಸೆಗಳು, ಒಗ್ಗದ ಮದ್ದುಗಳು. ಬಲಗಡೆಗೆ ಅದೇ ಸಂಗತಿಗಳು ಇಂಗ್ಲಿಷಿನಲ್ಲಿ, ಈಗ ನುಂಗುತ್ತಿರುವ ಪ್ರತಿಯೊಂದು ಗುಳಿಗೆಯ ಮೂಲನಾಮ, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ. ಗುಳಿಗೆಯ ಪಟ್ಟಿಯ ಹಿಂಬದಿಯಲ್ಲಿ ಮೂಲನಾಮ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿ ಹುಡುಕಬೇಕಾದೀತು. ಊರಿನ ವೈದ್ಯರಲ್ಲಿಗೆ ಒಯ್ದು ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಂಡು ಅವರ ಸಹಿ ಪಡೆಯಿರಿ. ಬಹುಪಾಲು ವೈದ್ಯರು ಸಂತೋಷದಿಂದಲೇ ಹಾಕುತ್ತಾರೆ. ಹೊಸ ಊರಿನ ವೈದ್ಯರು ಚೀಟಿಗಳ ಕಟ್ಟನ್ನು ಬಿಚ್ಚದಿರಬಹುದು, ಒಂದೇ ಹಾಳೆಯನ್ನು ಪಕ್ಕಕ್ಕೆ ತಳ್ಳುವುದು ಕಷ್ಟ. ಅದನ್ನೂ ನೋಡದವರಿದ್ದರೆ, ಎರಡನೆಯ ಸಲವೂ ರೋಗಿಯ ಮುಖ ನೋಡದೆ ಬರೆಯುವವರಿದ್ದರೆ, ಬೇರೆ ವೈದ್ಯರಲ್ಲಿಗೆ ಹೋಗಿ. ವೈದ್ಯರನ್ನು ಬದಲಾಯಿಸುವುದು ಕೃತಘ್ನತೆಯೆಂದು ನಮ್ಮ ಹಿರಿಯರು ಭಾವಿಸುತ್ತಾರೆ. ಆ ಋಣ ಇರುವುದು ಇಪ್ಪತ್ತು ವರ್ಷ ನೋಡಿಕೊಂಡವರಿಗೆ, ಮೂರು ನಿಮಿಷ ಕೊಟ್ಟವರಿಗೆ ಅಲ್ಲ ಎಂದು ಅವರಿಗೆ ಮೆಲ್ಲಗೆ ತಿಳಿಸಿ ಹೇಳಿ.

ಹಾಳೆ ಬರೆಯುವಾಗ ಅವರ ಮಾತನ್ನು ತಿದ್ದಲು ಹೋಗಬೇಡಿ. ಅಜ್ಜಿ ‘ಎದೆ ಹಿಡಿದ ಹಾಗೆ’ ಎಂದರೆ ಅದನ್ನು ಎದೆನೋವು ಎಂದು ಮಾಡಬೇಡಿ. ಉರಿ, ಸೆಳೆತ, ಚುಚ್ಚು, ಜೋಮು ಇವು ಬೇರೆ ಬೇರೆ ಸಂಗತಿಗಳು, ವೈದ್ಯರಿಗೆ ಆ ಭೇದವೇ ಬೇಕಾದದ್ದು. ತುಳು ಮನೆಮಾತಿನವರ ಹಾಳೆಯಲ್ಲಿ ಬಂಜಿ ಎಂದೇ ಬರೆಯಿರಿ. ಕರುಳು ಎಂದು ಬರೆಯಬೇಕಾಗಿ ಬಂದಲ್ಲಿ, ಹೊಟ್ಟೆಯ ಒಂದು ಸಣ್ಣ ಚಿತ್ರ ಬರೆದು ನೋವಿರುವ ಕಡೆಗೆ ಅವರ ಕೈಯಿಂದಲೇ ಒಂದು ಚುಕ್ಕೆ ಇಡಿಸಿ.